ಥೇಲೀಸ್ ಹೇಳಿದ್ದು, ಥೇಲೀಸ್ ಹೇಳಿದನೆಂದು ಹೇಳಿದ್ದು

ಬಿ.ಎ. ತತ್ವಶಾಸ್ತ್ರದ ಗ್ರೀಕ್ ಪಾಠ ಶುರುವಾಗುವ ಮೊದಲು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಇಸವಿ ಬರೆಯುತ್ತಿದ್ದರು. ಎಡಗಡೆ ಮಾತು ಆಡಿದವನ ಕಾಲ, ಬಲಗಡೆ ಆ ಮಾತನ್ನು ನಮಗೆ ದಾಟಿಸಿದವನ ಕಾಲ. ನಡುವೆ ಒಂದು ಗೆರೆ, ಗೆರೆಯ ಮೇಲೆ ವರ್ಷಗಳ ಅಂತರ. ಉಳಿದದ್ದೆಲ್ಲ ಆಮೇಲೆ. ಸಾಕ್ರಟೀಸನಿಗಿಂತ ಹಿಂದಿನವರನ್ನು ಓದುವವರು ಎಡವುವುದು ಸಾಮಾನ್ಯವಾಗಿ ಆ ಗೆರೆಯ ಹತ್ತಿರವೇ. ಆದ್ದರಿಂದ ಈ ಸಂಚಿಕೆಗೆ ಅದನ್ನೇ ನೆನೆದು ಬರೆಯುತ್ತಿದ್ದೇನೆ.

ಥೇಲೀಸ್ ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಮಿಲೀಟಸ್ ಬಂದರಿನವನು, ಕ್ರಿ.ಪೂ. 6ನೇ ಶತಮಾನದ ಮೊದಲರ್ಧದವನು. ಅವನದೆನ್ನಬಹುದಾದ ಬರಹ ಒಂದು ಸಾಲೂ ಉಳಿದಿಲ್ಲ. ಎಲ್ಲಕ್ಕೂ ಮೂಲ ನೀರು ಎಂಬ ಮಾತು ನಮಗೆ ಸಿಕ್ಕಿರುವುದು ಅರಿಸ್ಟಾಟಲನ (ಕ್ರಿ.ಪೂ. 384–322) ‘ಮೆಟಫಿಸಿಕ್ಸ್’ನ ಮೊದಲ ಭಾಗದಲ್ಲಿ. ಅಂತರ ಇನ್ನೂರು ವರ್ಷಕ್ಕೂ ಮಿಕ್ಕಿ. ನೀರೇ ಏಕೆ ಎಂಬುದಕ್ಕೆ ಅಲ್ಲಿ ಕಾರಣವೂ ಇದೆ: ಎಲ್ಲದರ ಆಹಾರವೂ ತೇವವಾದದ್ದು, ಬೀಜಗಳೂ ತೇವವಾದವು. ಆದರೆ ಆ ವಾಕ್ಯದಲ್ಲಿ ಅರಿಸ್ಟಾಟಲ್ ‘ಬಹುಶಃ’ ಎಂದೊಂದು ಪದ ಇಟ್ಟಿದ್ದಾನೆ; ಕಾರಣ ಅವನ ಊಹೆ. ಗೈಡುಗಳಲ್ಲಿ ಆ ‘ಬಹುಶಃ’ ಉದುರಿಹೋಗುತ್ತದೆ, ಉತ್ತರ ಪತ್ರಿಕೆಗೆ ಬರುವ ಹೊತ್ತಿಗೆ ಊಹೆಯೇ ಥೇಲೀಸನ ವಾದವಾಗಿ ಕೂತಿರುತ್ತದೆ.

ಭೂಮಿ ಮರದ ದಿಮ್ಮಿಯಂತೆ ನೀರಿನ ಮೇಲೆ ತೇಲುತ್ತಿದೆ ಎಂದೂ ಥೇಲೀಸನ ಹೆಸರಿನಲ್ಲಿ ದಾಖಲಾಗಿದೆ. ಹಾಗಾದರೆ ನೀರು ಯಾವುದರ ಮೇಲಿದೆ? ಅರಿಸ್ಟಾಟಲ್ ಈ ಪ್ರಶ್ನೆ ಕೇಳುವುದಕ್ಕೆ ಎಷ್ಟೋ ಮೊದಲು, ಅದೇ ಊರಿನ ಅನಾಕ್ಸಿಮ್ಯಾಂಡರ್ ಆಧಾರದ ಗೊಡವೆಯನ್ನೇ ಬಿಟ್ಟಿದ್ದ. ಅವನ ಭೂಮಿ ಕಲ್ಲುಕಂಬದ ಒಂದು ತುಂಡಿನಂತೆ, ದಪ್ಪ ಅಗಲದ ಮೂರನೇ ಒಂದು ಪಾಲು. ಅದು ನಡುವೆ ನಿಂತಿದೆ, ಎಲ್ಲ ದಿಕ್ಕೂ ಸಮ ದೂರ. ಈ ಕಡೆ ಬೀಳಬೇಕು, ಆ ಕಡೆ ಬೀಳಬಾರದು ಎನ್ನುವುದಕ್ಕೆ ಕಾರಣವೇ ಇಲ್ಲ, ಹಾಗಾಗಿ ಬೀಳುವುದಿಲ್ಲ. ಆಕಾರ ತಪ್ಪು, ತರ್ಕ ಮಾತ್ರ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇವನ ಸ್ವಂತ ಮಾತೆಂದು ಉಳಿದಿರುವುದು ಹೆಚ್ಚು ಕಡಿಮೆ ಒಂದೇ ವಾಕ್ಯ: ವಸ್ತುಗಳು ಕಾಲದ ಕಟ್ಟಳೆಯಂತೆ ತಮ್ಮ ಅನ್ಯಾಯಕ್ಕೆ ಒಂದಕ್ಕೊಂದು ದಂಡ ತೆರುತ್ತವೆ. ಉಳಿಸಿದವನು ಕ್ರಿ.ಶ. 6ನೇ ಶತಮಾನದ ಸಿಂಪ್ಲೀಶಿಯಸ್. ಗೆರೆಯ ಮೇಲೆ ಸಾವಿರಕ್ಕೂ ಹೆಚ್ಚು ವರ್ಷ! ಹಳೆಯ ಹಸ್ತಪ್ರತಿಗಳಲ್ಲಿ ಉದ್ಧರಣ ಚಿಹ್ನೆ ಇರುತ್ತಿರಲಿಲ್ಲ. ಹೀಗಾಗಿ ಅನಾಕ್ಸಿಮ್ಯಾಂಡರನ ಪದ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ.

ಈ ಗೊಂದಲಕ್ಕೆಂದೇ 1903ರಲ್ಲಿ ಜರ್ಮನ್ ವಿದ್ವಾಂಸ ಹರ್ಮನ್ ಡೀಲ್ಸ್, ಈ ಚಿಂತಕರ ಬಗ್ಗೆ ಉಳಿದ ತುಣುಕುಗಳನ್ನೆಲ್ಲ ಒಂದು ಸಂಗ್ರಹದಲ್ಲಿ ಸೇರಿಸಿ, ಒಂದು ಏರ್ಪಾಟು ಮಾಡಿದ. ಮುಂದೆ ವಾಲ್ಟರ್ ಕ್ರಾಂಟ್ಸ್ ಅದನ್ನು ಪರಿಷ್ಕರಿಸಿದ. ಪ್ರತಿ ಚಿಂತಕನಿಗೂ ಒಂದು ಸಂಖ್ಯೆ: ಥೇಲೀಸ್ 11, ಅನಾಕ್ಸಿಮ್ಯಾಂಡರ್ 12, ಹೆರಾಕ್ಲಿಟಸ್ 22. ಸಂಖ್ಯೆಯ ಪಕ್ಕ ‘ಎ’ ಇದ್ದರೆ ಬೇರೆಯವರು ಅವನ ಬಗ್ಗೆ ಹೇಳಿದ್ದು, ‘ಬಿ’ ಇದ್ದರೆ ಅವನದೇ ಮಾತು ಎಂದು ಡೀಲ್ಸ್ ಒಪ್ಪಿದ್ದು. ನೋಟ್ಸ್ ಮಾಡಿಕೊಳ್ಳುವವರು ಕನಿಷ್ಠ ಆ ಒಂದಕ್ಷರವನ್ನು ಬಿಡಬಾರದು.

ಮಿಲೀಟಸ್‌ನ ಮೂರನೆಯವನು ಅನಾಕ್ಸಿಮಿನೀಸ್. ಪಠ್ಯಗಳು ಇವನಿಗೆ ಅರ್ಧ ಪುಟ ಕೊಟ್ಟು ಮುಗಿಸುತ್ತವೆ. ನನಗೇನೋ ಮೂವರಲ್ಲಿ ಇವನೇ ಹೆಚ್ಚು ಹಿಡಿಸುತ್ತಾನೆ. ಮೂಲ ಗಾಳಿ, ಅದು ತೆಳುವಾದರೆ ಬೆಂಕಿ, ಒತ್ತಾಗುತ್ತ ಹೋದರೆ ಮೋಡ, ನೀರು, ಮಣ್ಣು, ಕಲ್ಲು. ಇದಕ್ಕೆ ಅವನು ಕೊಟ್ಟ ಪುರಾವೆಯನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ, ಯಾರು ಬೇಕಾದರೂ ಮಾಡಿ ನೋಡಬಹುದು. ಅಂಗೈಯನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಕಾಫಿ ಆರಿಸುವಾಗಿನಂತೆ ತುಟಿ ಕೂಡಿಸಿ ‘ಉಫ್’ ಎಂದು ಊದಿದರೆ ತಂಪು. ಕನ್ನಡಕ ಒರೆಸುವಾಗಿನಂತೆ ಬಾಯಿ ತೆರೆದು ‘ಹಾ’ ಎಂದರೆ ಬಿಸಿ. ಆದ್ದರಿಂದ ಒತ್ತಿದ ಗಾಳಿ ತಂಪು, ಸಡಿಲ ಗಾಳಿ ಬಿಸಿ ಎಂದು ಅವನ ತೀರ್ಮಾನ.

ಕಂಡದ್ದು ಸರಿ, ಕಾರಣ ತಪ್ಪು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಟೈರಿಗೆ ಗಾಳಿ ತುಂಬುವಾಗ ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಇದು ಗೊತ್ತು. ತುಟಿಯಿಂದ ಹೊರಬಂದ ಗಾಳಿ ಹಿಗ್ಗಿ ತಂಪಾಗುತ್ತದೆ ಎಂಬ ವಿವರಣೆಯೂ ನಿಲ್ಲುವುದಿಲ್ಲ, ಬಾಯಿಯ ಒತ್ತಡ ಅದಕ್ಕೆ ಏನೇನೂ ಸಾಲದು. ಆಗುವುದಿಷ್ಟು: ಕಿರಿದಾದ, ವೇಗದ ಉಸಿರು ದಾರಿಯಲ್ಲಿ ಕೋಣೆಯ ಗಾಳಿಯನ್ನು ಎಳೆದುಕೊಂಡು ಬರುತ್ತದೆ, ಚರ್ಮಕ್ಕಂಟಿದ ಬೆಚ್ಚನೆಯ ಪದರವನ್ನು ಸರಿಸುತ್ತದೆ, ತೇವವನ್ನು ಆರಿಸುತ್ತದೆ. ಪರೀಕ್ಷಿಸಬೇಕೆಂದರೆ ಅಂಗೈಯನ್ನು ತುಟಿಗೆ ಅರ್ಧ ಇಂಚಿನಷ್ಟು ಹತ್ತಿರ ತಂದು ಅದೇ ‘ಉಫ್’ ಊದಿ. ಬೇರೆ ಗಾಳಿ ಬೆರೆಯಲು ಜಾಗವಿಲ್ಲ, ಬೆಚ್ಚಗಾಗುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, 40 ಡಿಗ್ರಿಯಲ್ಲಿ, ಪ್ರಯೋಗ ಕೈಕೊಡಬಹುದು, ಎಳೆದುಕೊಳ್ಳಲು ತಂಪು ಗಾಳಿಯೇ ಇರುವುದಿಲ್ಲ. ಹೊರಗಿನ ಗಾಳಿಯ ಈ ಪಾತ್ರವನ್ನು ಅರಿಸ್ಟಾಟಲ್ ಆಗಲೇ ಗುರುತಿಸಿದ್ದ ಎಂದು ಪ್ಲುಟಾರ್ಕನೇ ಅಲ್ಲಿ ಸೇರಿಸುತ್ತಾನೆ.

ಎಂಪಿಡೋಕ್ಲಿಸ್ ಬಗ್ಗೆ ಒಂದೇ ಎಚ್ಚರಿಕೆ. ಎಲ್ಲವೂ ಹುಟ್ಟುವ ಮೂಲವಸ್ತುಗಳು ಅವನಿಗೆ ನಾಲ್ಕು: ಮಣ್ಣು, ನೀರು, ಗಾಳಿ, ಬೆಂಕಿ. ಅಭ್ಯಾಸಬಲದಿಂದ ಆಕಾಶ ಸೇರಿಸಿ ಪಂಚಭೂತ ಮಾಡಬೇಡಿ.

ಇನ್ನು ಹೆರಾಕ್ಲಿಟಸ್. ಒಂದೇ ನದಿಗೆ ಎರಡು ಸಲ ಇಳಿಯಲಾಗದು ಎಂದು ಅವನ ಹೆಸರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಪ್ಲೇಟೋ ದಾಟಿಸಿದ ರೂಪ. 22 ಬಿ 12ರಲ್ಲಿರುವುದು ಬೇರೆ: ಅವೇ ನದಿಗಳಿಗೆ ಇಳಿಯುವವರ ಮೇಲೆ ಬೇರೆ ಬೇರೆ ನೀರು ಹರಿದುಬರುತ್ತದೆ. ಇಲ್ಲಿ ನದಿ ಅದೇ, ಬದಲಾಗುವುದು ನೀರು. ನೀರು ಹರಿಯುವುದು ನಿಂತರೆ ಅದು ಕೆರೆ, ನದಿಯಲ್ಲ. ಬದಲಾವಣೆಯೇ ನದಿಯನ್ನು ನದಿಯಾಗಿ ಉಳಿಸಿದೆ. ಏನೂ ನಿಲ್ಲುವುದಿಲ್ಲ ಎನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಮೊದಲನೆಯ ರೂಪವನ್ನೇ ಹಿಡಿದು ಕೊನೆಯವರೆಗೂ ಹೋದವನು ಕ್ರಾಟಿಲಸ್. ಎರಡು ಸಲವೇನು, ಒಂದು ಸಲವೂ ಇಳಿಯಲಾಗದು ಎಂದು ಹೆರಾಕ್ಲಿಟಸನನ್ನೇ ಆಕ್ಷೇಪಿಸಿದನಂತೆ. ಹೆಸರಿಡುವಷ್ಟರಲ್ಲಿ ವಸ್ತು ಬದಲಾಗಿರುತ್ತದಲ್ಲ! ಕಡೆಗೆ ಮಾತಾಡುವುದನ್ನೇ ಬಿಟ್ಟು ಬರೀ ಬೆರಳಾಡಿಸುತ್ತಿದ್ದನಂತೆ. ಇಲ್ಲಿಯೂ ಬೋರ್ಡಿನ ಬಲಗಡೆ ಇದ್ದದ್ದು ಅರಿಸ್ಟಾಟಲನೇ.