ಐಎಸ್ ಬೇಕೋ, ಬೆಳಕು ಬೇಕೋ

ಮಳೆ ಹಿಡಿದರೆ ಊರಲ್ಲಿ ಯಕ್ಷಗಾನ ಬಯಲಾಟ ನಿಲ್ಲುತ್ತದೆ, ಬೆಂಗಳೂರಲ್ಲಿ ಶುರುವಾಗುತ್ತದೆ. ಕರಾವಳಿಯ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿ ಆಟ, ಎಲ್ಲೋ ಒಂದು ಸಣ್ಣ ಸಭಾಂಗಣದಲ್ಲಿ ತಾಳಮದ್ದಳೆ. ನಾನು ಫೋಟೊ ತೆಗೆಯುವುದು ಜಾಸ್ತಿ ಇವುಗಳದ್ದೇ. ಇಷ್ಟು ವರ್ಷ ಕ್ಯಾನನ್‌ನ 55-250 ಎಂಎಂ ಜೂಮ್ ಲೆನ್ಸಿನಲ್ಲೇ ಕಾಲ ಹಾಕಿದೆ. ಹಗಲು ಹೊತ್ತು ಅದು ಪಾಪದ್ದು, ಏನೂ ತೊಂದರೆ ಕೊಡುವುದಿಲ್ಲ. ಆದರೆ ಪೂರ್ತಿ ಜೂಮ್ ಮಾಡಿದರೆ ಎಫ್ 5.6ಕ್ಕೆ ಇಳಿಯುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಸ್ಟೇಜ್ ಬೆಳಕಿನಲ್ಲಿ ಅದು ಎಲ್ಲಿಗೆ ಸಾಲುತ್ತದೆ?

ಹೊಸದು ಕೊಳ್ಳುವ ತಾಕತ್ತಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಚ್ಚುಕಮ್ಮಿ ಒಂದೇ ರೇಟಿಗೆ ಎರಡು ಸಿಕ್ಕವು. ಒಂದು 70-200 ಎಫ್ 4 ಐಎಸ್ (ಇಮೇಜ್ ಸ್ಟೆಬಿಲೈಸರ್, ಕೈ ಅಲುಗಿದ್ದು ಚಿತ್ರದಲ್ಲಿ ಕಾಣದ ಹಾಗೆ ಮಾಡುವ ವ್ಯವಸ್ಥೆ), 2006ರ ಮಾಡೆಲ್. ಇನ್ನೊಂದು 70-200 ಎಫ್ 2.8, 1995ರದ್ದು, ಅದರಲ್ಲಿ ಐಎಸ್ ಇಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: 'ಈ ಕಾಲದಲ್ಲಿ ಐಎಸ್ ಇಲ್ಲದ ಟೆಲಿ ಲೆನ್ಸ್ ಯಾರು ತಗೋತಾರೆ ಮಾರಾಯ?'

ನನಗೂ ಹಾಗೇ ಅನಿಸಿತ್ತು. ಆದರೂ ದುಡ್ಡು ಕೊಡುವ ಮೊದಲು ಕಂಪ್ಯೂಟರ್ ತೆರೆದು ಹಳೆಯ ಫೋಟೊಗಳನ್ನು ನೋಡುತ್ತಾ ಕೂತೆ. ಚೆನ್ನಾಗಿ ಬಂದವು, ಹಾಳಾದವು ಎರಡನ್ನೂ ಬೇರೆ ಮಾಡಿ ಶಟರ್ ಸ್ಪೀಡ್, ಅಂದರೆ ಶಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದೊಂದನ್ನೇ ಗಮನಿಸಿದೆ. ಲೆನ್ಸ್ ಬದಲಾಯಿಸುವವರು ಯಾವ ರಿವ್ಯೂ ಓದುವುದಕ್ಕೂ ಮೊದಲು ಇದನ್ನು ಮಾಡಬೇಕು ಅಂತ ನನ್ನ ಅಭಿಪ್ರಾಯ.

ಐಎಸ್ ಮಾಡುವ ಕೆಲಸ ಇಷ್ಟೇ. ಲೆನ್ಸ್ ಒಳಗಿನ ಗೈರೋ ಸೆನ್ಸರ್ ನಮ್ಮ ಕೈ ನಡುಗುವುದನ್ನು ಪತ್ತೆ ಹಚ್ಚುತ್ತದೆ. ಆಗ ಒಳಗಿನ ಕೆಲವು ಗಾಜುಗಳು ಅದಕ್ಕೆ ಎದುರಾಗಿ ಸರಿಯುತ್ತವೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಹಳೆಯ ಲೆಕ್ಕವೊಂದಿದೆ: 200 ಎಂಎಂ ಇದ್ದರೆ ಶಟರ್ ಸ್ಪೀಡ್ 1/200 ಸೆಕೆಂಡಿಗಿಂತ ಕೆಳಗೆ ಬೇಡ. ನನ್ನ ಕ್ಯಾಮೆರಾದ್ದು ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕದು. ಹಾಗಾಗಿ 1.6ರಿಂದ ಗುಣಿಸಿ 1/320 ಅಂತ ಇಟ್ಟುಕೊಳ್ಳಬೇಕು. ಆ ಎಫ್ 4 ಲೆನ್ಸಿನ ಐಎಸ್ ನಾಲ್ಕು ಸ್ಟಾಪ್‌ನದ್ದು ಅಂತ ಕ್ಯಾನನ್ ಹೇಳುತ್ತದೆ. ಒಂದೊಂದು ಸ್ಟಾಪ್‌ಗೂ ಶಟರ್ ತೆರೆದಿರುವ ಹೊತ್ತು ಎರಡು ಪಟ್ಟಾಗುತ್ತದೆ. ಅಂದರೆ 1/320 ಬೇಕಾದಲ್ಲಿ 1/20ರಲ್ಲೂ ಕೈ ಅಲುಗಿದ್ದು ಕಾಣಬಾರದು. ದೊಡ್ಡ ಮಾತೇ ಅದು.

ಆದರೆ ಅದು ನಿಲ್ಲಿಸುವುದು ನನ್ನ ಕೈಯನ್ನು. ವೇಷಧಾರಿಯ ಕಾಲನ್ನಲ್ಲ! ತೆಂಕುತಿಟ್ಟಿನ ಗಿರ್ರನೆ ತಿರುಗುವ ಧೀಂಗಿಣವನ್ನೋ ಬಡಗುತಿಟ್ಟಿನ ಮಂಡಿ ಕುಣಿತವನ್ನೋ 1/20ರಲ್ಲಿ ತೆಗೆದರೆ ಹಿಂದಿನ ಪರದೆಯ ನೆರಿಗೆ ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಬರುತ್ತದೆ, ವೇಷ ಮಾತ್ರ ಕಲಸಿದ ಬಣ್ಣ. ಹಾಳಾದ ಫೋಟೊಗಳಲ್ಲಿ ನಾನು ಕಂಡದ್ದು ಇದನ್ನೇ. ಹಿಂದೆ ನಿಂತವರು, ರಂಗದ ಮೇಲಿನ ಮೈಕು ಎಲ್ಲ ನೆಟ್ಟಗಿವೆ. ಕಿರೀಟ, ಗೆಜ್ಜೆ, ಕೈ ಮಾತ್ರ ಮಸುಕು. ಕೈ ನಡುಗಿದ್ದರೆ ಇಡೀ ಚಿತ್ರವೇ ಒಂದೇ ಕಡೆಗೆ ಎಳೆದ ಹಾಗೆ ಇರಬೇಕಿತ್ತು, ಅಲ್ವಾ? ಕುಣಿತದ ಒಳ್ಳೆಯ ಫೋಟೊಗಳೆಲ್ಲ 1/400, 1/500ರ ಆಸುಪಾಸಿನವು. ಅಲ್ಲಿ ಐಎಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಅಲ್ಲಿ ಬೇಕಾದದ್ದು ಬೆಳಕು. ಎಫ್ 4ರಲ್ಲಿ 1/250 ಸಿಗುವ ಕಡೆ ಎಫ್ 2.8 ಇಟ್ಟರೆ 1/500 ಸಿಗುತ್ತದೆ, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಪ್ರಮಾಣ) ಏರಿಸದೆಯೇ. ನನ್ನ ಹಳೆಯ ಕ್ಯಾಮೆರಾದಲ್ಲಿ ಐಎಸ್‌ಒ 6400 ಇಟ್ಟರೆ ಮುಖದ ಬಣ್ಣಗಾರಿಕೆಯ ಮೇಲೆ ರವೆ ಉದುರಿಸಿದ ಹಾಗೆ ಕಾಣುತ್ತದೆ. ಅಷ್ಟು ಹೊತ್ತು ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಕೂತು ಮುಖಕ್ಕೆ ಇಟ್ಟುಕೊಂಡ ಬಿಳಿ ಚುಟ್ಟಿ ಅದು. ಅದರ ಮೇಲೆ ಈ ರವೆ, ಅಂದರೆ ನಾಯ್ಸ್, ನೋಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ನನ್ನ ಭಾವನ ಹತ್ತಿರ ಆ ಎಫ್ 4 ಐಎಸ್ ಲೆನ್ಸ್ ಇದೆ. ಕೇಳಿ ತಂದು ತಾಳಮದ್ದಳೆಯೊಂದಕ್ಕೆ ಹೋದೆ. ಅಲ್ಲಿ ಮಾತ್ರ ಐಎಸ್‌ಗೆ ಕೈ ಮುಗಿಯಬೇಕು. ವೇಷವಿಲ್ಲ, ಕುಣಿತವಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಅರ್ಥಧಾರಿಗಳು ಕೂತು ವಾದ ಮಾಡುತ್ತಾರೆ. ಎದುರಿನವರ ಮಾತು ಕೇಳುತ್ತಾ ಕೂತ ಅರ್ಥಧಾರಿಯ ಮುಖ 1/40ರಲ್ಲೂ ಕೂದಲು ಕೂದಲಾಗಿ ಬಂತು. ಮಾತಾಡುವವರ ಕೈ ಸ್ವಲ್ಪ ಮಸುಕಾಗಿತ್ತು. ಮದ್ದಳೆಯವರ ಬೆರಳು ಕಾಣಲೇ ಇಲ್ಲ. ಎರಡೂ ನನಗೆ ಇಷ್ಟವಾದವು. ಇನ್ನೊಂದು ಸುಖವೆಂದರೆ ಶಟರ್ ಅರ್ಧ ಒತ್ತಿದ ಕೂಡಲೇ ವ್ಯೂಫೈಂಡರ್‌ನಲ್ಲಿ ಚಿತ್ರ ಗಕ್ಕನೆ ನಿಲ್ಲುತ್ತದೆ. ಕಣ್ಣಿನ ಮೇಲೆ ಫೋಕಸ್ ಇಡುವುದು ಸಲೀಸು.

ತೂಕದ ವಿಷಯವೂ ಇದೆ. ಎಫ್ 4 ಐಎಸ್ 760 ಗ್ರಾಂ, ಎಫ್ 2.8 ಒಂದು ಕಿಲೋ 310 ಗ್ರಾಂ. ಆಟ ಮುಗಿಯುವವರೆಗೆ ಅದನ್ನು ಎತ್ತಿ ಹಿಡಿಯಲು ನನ್ನಿಂದಾಗದು. ಮೋನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಬೇಕೇ ಬೇಕು. ಅದು ಬಂದರೆ ಕೈ ನಡುಕವೂ ಒಂದಷ್ಟು ತಗ್ಗುತ್ತದೆ, ಐಎಸ್‌ನ ಸ್ವಲ್ಪ ಕೆಲಸ ಅದೇ ಮಾಡಿದ ಹಾಗೆ. ಸೈಡಿನ ಸೀಟು ಹಿಡಿದರೆ ಯಾರಿಗೂ ಅಡ್ಡವಿಲ್ಲ. ಬೆಂಗಳೂರು ಕರಗದ ರಾತ್ರಿ ತಿಗಳರಪೇಟೆಯ ಜನಜಂಗುಳಿಯಲ್ಲಿ ಮೋನೋಪಾಡ್ ಊರಲು ಜಾಗವಿಲ್ಲ, ನಿಜ. ಆದರೆ ಅಲ್ಲಿ ಕರಗದ ಜೊತೆ ಕತ್ತಿ ಹಿಡಿದು ನಡೆಯುವ ವೀರಕುಮಾರರು ಸರಸರನೆ ಹೋಗುತ್ತಿರುತ್ತಾರೆ. ಅಲ್ಲೂ ಬೇಕಾದದ್ದು ಬೆಳಕೇ.

ಕೊನೆಗೆ ಎಫ್ 2.8 ತಗೊಂಡೆ. ಬೆಂಗಳೂರಿನ ಮಳೆಗಾಲ ಕಂಡ ಹಳೆಯ ಲೆನ್ಸ್ ಅಲ್ಲವೇ, ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯೇ ಅಂತ ನೋಡಿಯೇ ದುಡ್ಡು ಕೊಟ್ಟೆ. ಮುಂದೆ ಎಂದಾದರೂ ಕ್ಯಾನನ್ ಆರ್6 ತರಹದ, ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇರುವ ಮಿರರ್‌ಲೆಸ್ ಕೊಂಡರೆ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು. ಆಗ ಐಎಸ್ ಇಲ್ಲ ಎಂಬ ಕೊರತೆಯೂ ಸುಮಾರು ನೀಗುತ್ತದೆ. ನೀವು ತೆಗೆಯುವುದು ಕೂತ ಮನುಷ್ಯರನ್ನು, ಸಂಜೆಯ ಮಬ್ಬಿನಲ್ಲಿ ಕೊಂಬೆ ಮೇಲೆ ಕದಲದೆ ಕೂತ ಗೂಬೆಯನ್ನು ಅಂತಾದರೆ ನನ್ನ ಮಾತು ಕೇಳಬೇಡಿ, ಐಎಸ್ ಇರುವುದನ್ನೇ ತಗೊಳ್ಳಿ.

ಭಾವನ ಲೆನ್ಸ್ ವಾಪಸ್ ಕೊಟ್ಟಾಯಿತು. ತಾಳಮದ್ದಳೆ ಇದ್ದಾಗ ಮತ್ತೆ ಕೇಳುತ್ತೇನೆ ಅಂತ ಹೇಳಿದ್ದೇನೆ. 'ಹಾಗಾದ್ರೆ ನಿನ್ನ ಎಫ್ 2.8 ಆ ದಿನ ನನಗೆ' ಅಂದ. ಇನ್ನೂ ಒಪ್ಪಿಲ್ಲ.