ಹಾಸ್ಟೆಲ್ ಟಿವಿ ರೂಮು ಮತ್ತು 19ನೇ ನಂಬರಿನ ಕಾರು

2005ರಲ್ಲಿ ನಮ್ಮ ಕಾಲೇಜಿನ ಮೆಕ್ಯಾನಿಕಲ್ ಬ್ರಾಂಚಿನಲ್ಲಿ ಇದ್ದವರನ್ನು ಯಾರನ್ನಾದರೂ ಕೇಳಿ ನೋಡಿ. ಯಾವ ಸೆಮಿಸ್ಟರಿನಲ್ಲಿ ಎಷ್ಟು ಬ್ಯಾಕ್ ಉಳಿಸಿಕೊಂಡಿದ್ದರು ಅನ್ನೋದು ಮರೆತಿರಬಹುದು, ಜೋರ್ಡನ್ ತಂಡದ ಹಳದಿ ಕಾರಿನ ಮೇಲಿದ್ದ 19 ಅನ್ನೋ ನಂಬರು ಮಾತ್ರ ಮರೆತಿರುವುದಿಲ್ಲ. ಅದು ನರೇನ್ ಕಾರ್ತಿಕೇಯನ್ ಕಾರು. ಫಾರ್ಮುಲಾ ಒನ್ ರೇಸಿಗೆ ಇಳಿದ ಮೊದಲ ಭಾರತೀಯ.

ಕ್ರಿಕೆಟ್ ಬಿಟ್ಟು ಬೇರೆ ಏನಕ್ಕೂ ಜಗ್ಗದ ನಮ್ಮ ಹಾಸ್ಟೆಲ್ ಟಿವಿ ರೂಮು ಆ ವರ್ಷ ಮಾರ್ಚ್ 6ರ ಭಾನುವಾರ ಬೆಳಿಗ್ಗೆ ತುಂಬಿಹೋಗಿತ್ತು. ಮೆಲ್ಬರ್ನ್‌ನಲ್ಲಿ ಅವರ ಮೊದಲ ರೇಸು. 12ನೇ ಜಾಗದಿಂದ ಹೊರಟು 15ನೆಯವರಾಗಿ ಮುಗಿಸಿದರು. 'ಇಷ್ಟೇನಾ' ಅಂದವರೇ ಜಾಸ್ತಿ.

ಅವರು ಅಲ್ಲಿಯವರೆಗೆ ಬಂದ ದಾರಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೊಯಮತ್ತೂರಿನ ಹುಡುಗ, ಅಪ್ಪ ಜಿ.ಆರ್. ಕಾರ್ತಿಕೇಯನ್ ಕೂಡ ಹೆಸರಾಂತ ರ್‍ಯಾಲಿ ಡ್ರೈವರ್. 1992ರಲ್ಲಿ ಫ್ರಾನ್ಸಿನ ರೇಸಿಂಗ್ ಸ್ಕೂಲು, ಮರುವರ್ಷ ಶ್ರೀಪೆರಂಬುದೂರಿನ ಟ್ರ್ಯಾಕಿನಲ್ಲಿ ಫಾರ್ಮುಲಾ ಮಾರುತಿ, ಆಮೇಲೆ ಇಂಗ್ಲೆಂಡ್, 1996ರಲ್ಲಿ ಫಾರ್ಮುಲಾ ಏಷ್ಯಾ ಚಾಂಪಿಯನ್. 2001ರಲ್ಲಿ ಜಾಗ್ವಾರ್ ತಂಡದ ಕಾರನ್ನು ಸಿಲ್ವರ್‌ಸ್ಟೋನ್‌ನಲ್ಲಿ ಓಡಿಸಿ ನೋಡಿದ್ದರು. ಆದರೂ ರೇಸಿಗೆ ಇಳಿಯಲು ಮತ್ತೆ ನಾಲ್ಕು ವರ್ಷ ಬೇಕಾಯಿತು. ಮಧ್ಯದಲ್ಲಿ ಮಿನಾರ್ಡಿ ತಂಡದ ಜೊತೆ ಮಾತುಕತೆ ನಡೆದಿತ್ತು, ಪ್ರಾಯೋಜಕರ ದುಡ್ಡು ಹೊಂದಲಿಲ್ಲ, ಅದೂ ಕೈತಪ್ಪಿತು. ಈ ಆಟದಲ್ಲಿ ವೇಗವಾಗಿ ಓಡಿಸುವುದು ಅರ್ಧ ಕೆಲಸ ಅಷ್ಟೇ. ಮುಂದಿನ ವರ್ಷ ಕೂರಲು ಒಂದು ಸೀಟು ಹುಡುಕಿಕೊಳ್ಳುವುದು ಉಳಿದರ್ಧ, ಬಹುಶಃ ಕಷ್ಟದ ಅರ್ಧ.

ಅದೇ ಜೂನ್ 19ಕ್ಕೆ ಇಂಡಿಯಾನಾಪೊಲಿಸ್ ರೇಸು. ನೋಡಿದವರು ಮರೆಯುವ ಹಾಗೇ ಇಲ್ಲ. ಶುಕ್ರವಾರದ ಪ್ರಾಕ್ಟೀಸಿನಲ್ಲಿ ರಾಲ್ಫ್ ಶುಮಾಕರ್ ಕಾರಿನ ಎಡಗಡೆಯ ಹಿಂದಿನ ಟೈರು ಕೈಕೊಟ್ಟು ಗೋಡೆಗೆ ಬಡಿದಿತ್ತು. ನಮ್ಮ ಟೈರುಗಳು 13ನೇ ತಿರುವನ್ನು ತಡೆಯುತ್ತವೆ ಎಂದು ಭರವಸೆ ಕೊಡಲು ಆಗುವುದಿಲ್ಲ ಅಂದುಬಿಟ್ಟಿತು ಮಿಶೆಲಿನ್ ಕಂಪನಿ. ಭಾನುವಾರ ಎಲ್ಲಾ 20 ಕಾರುಗಳೂ ಒಂದು ಸುತ್ತು ಬಂದವು, ಆಮೇಲೆ ಮಿಶೆಲಿನ್ ಟೈರಿನ 14 ಕಾರು ಸಾಲಾಗಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದ ಗ್ಯಾರೇಜುಗಳ ಕಡೆಗೆ, ಹೊರಟುಹೋದವು. ಉಳಿದಿದ್ದು ಬ್ರಿಜ್‌ಸ್ಟೋನ್ ಟೈರಿನ ಆರೇ ಆರು: ಎರಡು ಫೆರಾರಿ, ಎರಡು ಜೋರ್ಡನ್, ಎರಡು ಮಿನಾರ್ಡಿ. ಕೇಬಲ್ ಕೆಟ್ಟಿದೆಯೇನೋ ಅಂತ ಒಬ್ಬ ಎದ್ದು ಹೋಗಿ ಟಿವಿಯ ಹಿಂದುಗಡೆ ವೈರು ಅಲ್ಲಾಡಿಸಿದ. ಫೆರಾರಿಯ ಮೈಕೆಲ್ ಶುಮಾಕರ್ ಗೆದ್ದರು, ಅದೇ ತಂಡದ ಬ್ಯಾರಿಕೆಲ್ಲೊ ಎರಡನೆಯವರು, ಜೋರ್ಡನ್‌ನ ಇನ್ನೊಬ್ಬ ಡ್ರೈವರ್ ಮೊಂಟೆರೊ ಮೂರು, ನಮ್ಮವರು ನಾಲ್ಕು. ಐದು ಪಾಯಿಂಟು. ಫಾರ್ಮುಲಾ ಒನ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಟ್ಟು ಅಷ್ಟೇ.

ಹಾಸ್ಟೆಲಿನಲ್ಲಿ ನಗೆಪಾಟಲು. 'ಆರು ಜನರಲ್ಲಿ ನಾಲ್ಕನೇ ರ್‍ಯಾಂಕು ಕಣೋ' ಅನ್ನೋದು ಎಷ್ಟೋ ದಿನ ಚಾಲ್ತಿಯಲ್ಲಿತ್ತು.

ರಜೆ ಮುಗಿದು ಕ್ಲಾಸು ಶುರುವಾದಾಗ ಆಟೊಮೊಬೈಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದ ನಮ್ಮ ಸರ್ ಕಿವಿಗೂ ಇದು ಬಿತ್ತು. ಅವರು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಒಂದು ಇಳಿಜಾರು ಗೆರೆ, ಅದರ ಮೇಲೆ ಒಂದು ಟೈರು ಬರೆದರು. ಸಮತಟ್ಟಾದ ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುವ ಬಲ, ಒಳಕ್ಕೆ ಓರೆಯಾಗಿರುವ ತಿರುವಿನಲ್ಲಿ ಸ್ವಲ್ಪ ಭಾಗ ಕೆಳಕ್ಕೂ ಒತ್ತುತ್ತದೆ. ಇಂಡಿಯಾನಾಪೊಲಿಸ್‌ನ 13ನೇ ತಿರುವು ಅಂಥದ್ದು. ಫಾರ್ಮುಲಾ ಒನ್ ಕಾರು ಅಲ್ಲಿ ಬಲಕ್ಕೆ ತಿರುಗುವುದರಿಂದ ಹೊರಗಡೆಯ ಎಡ ಟೈರಿಗೆ ಹೊರೆ ಹೆಚ್ಚು, ಅದೂ ಆಕ್ಸಿಲರೇಟರ್ ಪೂರ್ತಿ ಒತ್ತಿದ ವೇಗದಲ್ಲಿ. ಟೈರಿನ ಪಕ್ಕದ ಗೋಡೆ ಉಬ್ಬುವುದನ್ನು ಕೆಂಪು ಚಾಕ್‌ಪೀಸಿನಲ್ಲಿ ತಿದ್ದಿ ತಿದ್ದಿ ತೋರಿಸಿದರು. ಆ ವರ್ಷದ ನಿಯಮ ಬೇರೆ, ಹೊರಡುವ ಜಾಗ ನಿರ್ಧರಿಸುವ ಕ್ವಾಲಿಫೈಯಿಂಗಿಗೂ ರೇಸಿಗೂ ಸೇರಿ ಒಂದೇ ಸೆಟ್ ಟೈರು. ಕೈ ಕೊಡವಿಕೊಂಡು ನಮ್ಮ ಕಡೆ ತಿರುಗಿ ಕೇಳಿದರು, 'ಏನ್ರಪ್ಪಾ, ವರ್ಷವಿಡೀ ಬ್ರಿಜ್‌ಸ್ಟೋನ್ ಟೈರು ಹಾಕಿಕೊಂಡು ಹಿಂದೆ ಬೀಳ್ತಾ ಇದ್ದಾನಲ್ಲ, ಆಗ ಯಾರಾದ್ರೂ ಅವನಿಗೆ ರಿಯಾಯಿತಿ ಕೊಟ್ರಾ?' ನಿಜ ಅಲ್ವಾ, ಆ ವರ್ಷ ಶುಮಾಕರ್‌ನಂಥ ಶುಮಾಕರ್ ಗೆದ್ದಿದ್ದೂ ಅದೊಂದೇ ರೇಸು. ಕ್ಲಾಸಿನಲ್ಲಿ ಯಾರೂ ಉಸಿರೆತ್ತಲಿಲ್ಲ.

ಜೋರ್ಡನ್ ಸೀಟು ಉಳಿದಿದ್ದು ಒಂದೇ ವರ್ಷ. ಆ ತಂಡ ಕೈಯಿಂದ ಕೈಗೆ ಹೋಗಿ ಮಿಡ್‌ಲ್ಯಾಂಡ್ ಆಯಿತು, ಸ್ಪೈಕರ್ ಆಯಿತು, ಕೊನೆಗೆ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಕೈಗೆ ಬಂದು 2008ರಲ್ಲಿ ಫೋರ್ಸ್ ಇಂಡಿಯಾ ಆಯಿತು. ಹೆಸರಲ್ಲೇ ಇಂಡಿಯಾ ಇದ್ದರೂ ಕೊನೆಯವರೆಗೆ ಒಬ್ಬ ಭಾರತೀಯನನ್ನೂ ಅದು ರೇಸಿಗೆ ಇಳಿಸಲಿಲ್ಲ. ನನಗೆ ಇವತ್ತಿಗೂ ಬೇಜಾರು.

ಇವರು ಮಾತ್ರ ಸುಮ್ನೆ ಕೂರಲಿಲ್ಲ. ವಿಲಿಯಮ್ಸ್ ತಂಡದ ಟೆಸ್ಟ್ ಡ್ರೈವರ್ ಆದರು. ದೇಶಗಳ ತಂಡಗಳು ಸೆಣಸುತ್ತಿದ್ದ ಎ1 ಗ್ರ್ಯಾಂಡ್ ಪ್ರಿಯಲ್ಲಿ ಭಾರತದ ಕಾರಿಗೆ ಗೆಲುವು ತಂದುಕೊಟ್ಟರು. 2009ರಲ್ಲಿ ಲ ಮಾನ್ 24 ಗಂಟೆಯ ರೇಸಿಗೆ ಆಡಿ ಕಾರು ಸಿಕ್ಕಿತು. ರೇಸಿಗೆ ಮುಂಚೆ ಪಿಟ್ ಗೋಡೆಯಿಂದ ಇಳಿಯುವಾಗ ಬಿದ್ದು ಭುಜದ ಕೀಲು ತಪ್ಪಿ ಕಾರು ಹತ್ತಲೇ ಆಗಲಿಲ್ಲ. ಅಮೆರಿಕಕ್ಕೆ ಹೋಗಿ ಅಲ್ಲಿನ ನಾಸ್ಕಾರ್ ಸರಣಿಯ ಟ್ರಕ್ ರೇಸಿನಲ್ಲಿ ಓಡಿಸಿದರು. 2011ರಲ್ಲಿ ಎಚ್‌ಆರ್‌ಟಿ ತಂಡದ ಜೊತೆ ಮತ್ತೆ ಫಾರ್ಮುಲಾ ಒನ್‌ಗೆ ಬಂದರು. ಅದು ಗ್ರಿಡ್‌ನ ಕೊನೆಯಲ್ಲೇ ನಿಲ್ಲುತ್ತಿದ್ದ ಕಾರು, ವೆಲೆನ್ಸಿಯಾದಲ್ಲಿ ಎಲ್ಲ 24 ಕಾರುಗಳೂ ಗುರಿ ಮುಟ್ಟಿದಾಗ ಇವರು 24ನೆಯವರು. ವರ್ಷದ ಮಧ್ಯದಲ್ಲೇ ತಂಡದವರು ಇವರ ಸೀಟನ್ನು ಡೇನಿಯಲ್ ರಿಕಾರ್ಡೊ ಎಂಬ ಯುವ ಡ್ರೈವರ್‌ಗೆ ಕೊಟ್ಟರು. ಆದರೆ ಅಕ್ಟೋಬರಿನಲ್ಲಿ ನೊಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟಿನಲ್ಲಿ ಮೊದಲ ಇಂಡಿಯನ್ ಗ್ರ್ಯಾಂಡ್ ಪ್ರಿ ನಡೆದಾಗ ಕರೆಸಿಕೊಂಡರು. 17ನೆಯವರಾಗಿ ಮುಗಿಸಿದರು, ತಂಡದ ಇನ್ನೊಂದು ಕಾರಿನಲ್ಲಿದ್ದ ರಿಕಾರ್ಡೊ 18.

2014ರಿಂದ ಜಪಾನಿನ ಸೂಪರ್ ಫಾರ್ಮುಲಾ ರೇಸು, 2019ಕ್ಕೆ ಅಲ್ಲಿನದೇ ಸೂಪರ್ ಜಿಟಿ ರೇಸು. ಆ ನವೆಂಬರಿನಲ್ಲಿ ಫುಜಿ ಟ್ರ್ಯಾಕಿನಲ್ಲಿ ಜಪಾನಿನ ಕಾರುಗಳೂ ಜರ್ಮನಿಯ ಡಿಟಿಎಂ ರೇಸ್ ಸರಣಿಯ ಕಾರುಗಳೂ ಒಟ್ಟಿಗೆ ಓಡಿದ ಭಾನುವಾರದ ರೇಸನ್ನು ಹೊಂಡಾ ಎನ್‌ಎಸ್‌ಎಕ್ಸ್‌ನಲ್ಲಿ ಗೆದ್ದವರು ಇವರೇ. ಆಗ ವಯಸ್ಸು 42.

ಸರ್ ಅಷ್ಟರಲ್ಲಿ ರಿಟೈರ್ ಆಗಿದ್ದರು. ರೇಸಿನ ಸುದ್ದಿಯನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಶಹಭಾಸ್ ಗಿಹಭಾಸ್ ಏನೂ ಇಲ್ಲ, 'ಟೈರು ಯಾವ್ದು?' ಅಂತ ಒಂದೇ ಸಾಲು ಬಂತು.

'ಹ್ಯಾಂಕೂಕ್ ಸರ್. ಎಲ್ಲರಿಗೂ ಅದೇ.'