ಕರ್ಟನ್ ಸೈಡ್ ಟ್ರೈಲರ್: ಪರದೆ ಆಮೇಲೆ, ಮೊದಲು ಬದಿಯ ಬಲ ನೋಡಿ

ಫ್ಲೀಟ್‌ಗೆ ಎರಡೂ ಬದಿಗೆ ಗೋಡೆಯ ಬದಲು ಸರಿಸಿ ತೆರೆಯುವ ಪರದೆ ಇರುವ ಕರ್ಟನ್ ಸೈಡ್ ಟ್ರೈಲರ್ ಸೇರಿಸಬೇಕು ಅಂದ ತಕ್ಷಣ ಎಲ್ಲರೂ ರೇಟ್ ಕೇಳುತ್ತಾರೆ. ನಾನು ಮೊದಲು ಕೇಳುವುದು, ನಿಮ್ಮ ಸರಕು ಗಾಡಿಯೊಳಗೆ ಯಾವ ಕಡೆಯಿಂದ ಹೋಗುತ್ತದೆ ಎಂದು.

ಎಲ್ಲಾ ಗಿರಾಕಿಗಳೂ ಲೋಡಿಂಗ್ ಕಟ್ಟೆ, ಅಂದರೆ ಡಾಕ್‌ಗೆ ಗಾಡಿ ಹಚ್ಚಿಸಿ ಹಿಂದಿನ ಬಾಗಿಲಿಂದಲೇ ತುಂಬುವವರಾದರೆ ಸುತ್ತ ಗಟ್ಟಿ ಗೋಡೆಯ ಬಾಕ್ಸ್ ಟ್ರೈಲರ್ ಸಾಕು, ಕಳ್ಳತನದ ಭಯವೂ ಕಡಿಮೆ. ಡಾಕ್ ಇಲ್ಲದ ಯಾರ್ಡ್‌ಗಳು, ಉದ್ದದ ಪೈಪು, ಹಲಗೆ, ಒಂದೇ ಟ್ರಿಪ್ಪಿನಲ್ಲಿ ನಾಲ್ಕು ಕಡೆ ಇಳಿಸಬೇಕಾದ ಪ್ಯಾಲೆಟ್‌ಗಳು, ಇಂಥ ಕೆಲಸ ಜಾಸ್ತಿ ಇದ್ದರೆ ಮಾತ್ರ ಕರ್ಟನ್ ಸೈಡ್. ಮಧ್ಯದ ಪ್ಯಾಲೆಟ್ ಬೇಕು ಅಂತ ಹಿಂದಿನದ್ದೆಲ್ಲ ಕೆಳಗಿಳಿಸಬೇಕಿಲ್ಲ. ಗೋಡೆ, ಚಾವಣಿ ಇಲ್ಲದ ಫ್ಲಾಟ್‌ಬೆಡ್‌ಗೂ ಬದಿಯಿಂದ ತುಂಬಬಹುದು ನಿಜ, ಆದರೆ ಮಳೆ ಗಾಳಿ ನೋಡದೆ ಡ್ರೈವರ್ ಲೋಡ್ ಮೇಲೆ ಹತ್ತಿ ಟಾರ್ಪಾಲ್ ಎಳೆದು ಹಗ್ಗ ಬಿಗಿಯಬೇಕು, ಅಲ್ಲಿಂದ ಜಾರಿ ಬೀಳುವ ಅಪಾಯ ಎಂಥದ್ದು ಅಂತ ಈ ಕೆಲಸದಲ್ಲಿರುವ ಯಾರಿಗೂ ಹೇಳಬೇಕಿಲ್ಲ. 1969ರಲ್ಲಿ ಬ್ರಿಟನ್ನಿನ ಬೋಅಲಾಯ್ ಕಂಪನಿ ಟಾಟ್‌ಲೈನರ್ ಎಂಬ ಹೆಸರಿನಲ್ಲಿ ಈ ಥರದ ಬಾಡಿ ತಂದಿತು. ಇವತ್ತಿಗೂ ಯಾರು ಮಾಡಿದ ಕರ್ಟನ್ ಸೈಡ್‌ ಆದರೂ ಅದೇ ಹೆಸರಿಂದ ಕರೆಯುವವರಿದ್ದಾರೆ.

ಈಗ ಮುಖ್ಯ ವಿಷಯ. ಪರದೆ ಮುಚ್ಚಿ ಬಕಲ್ ಬಿಗಿದರೆ ಸರಕು ಭದ್ರ ಅಂತ ತುಂಬಾ ಜನ ನಂಬಿದ್ದಾರೆ. ಅದು ಅಪಾಯದ ನಂಬಿಕೆ. ಪರದೆ ಅಂದರೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆ, ಮಳೆ ಧೂಳು ತಡೆಯುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ನುಗ್ಗುವ ಸರಕನ್ನು ತಡೆಯುವ ಬಲ ಟ್ರೈಲರಿನ ಬಾಡಿಯಲ್ಲಿ ಇದೆಯೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ.

ಬಾಡಿ ಎಷ್ಟು ಗಟ್ಟಿ ಇರಬೇಕು ಅಂತ ಹೇಳುವ ಯುರೋಪಿನ ಇಎನ್ 12642 ಎಂಬ ಮಾನದಂಡದಲ್ಲಿ ಎರಡು ದರ್ಜೆಗಳಿವೆ, ಎಲ್ ಮತ್ತು ಎಕ್ಸ್‌ಎಲ್. ಎಲ್ ದರ್ಜೆಯ ಕರ್ಟನ್ ಸೈಡ್‌ನಲ್ಲಿ ಬದಿಗೆ ಬಲವೇ ಇಲ್ಲ ಅಂತ ಲೆಕ್ಕ ಹಿಡಿಯಬೇಕು, ಎಲ್ಲವನ್ನೂ ಬೆಲ್ಟ್ ಹಾಕಿ ಕಟ್ಟಬೇಕು. ಎಕ್ಸ್‌ಎಲ್ ಆದರೆ ಹೊರುವ ತೂಕದ ಶೇ. 50ರಷ್ಟು ಒತ್ತಡವನ್ನು ಮುಂದಿನ ಗೋಡೆ, ಶೇ. 30ರಷ್ಟನ್ನು ಹಿಂಭಾಗ, ಶೇ. 40ರಷ್ಟನ್ನು ಬದಿಗಳು ತಡೆಯಬೇಕು. 24 ಟನ್ ಲೋಡ್ ಅಂದುಕೊಳ್ಳಿ. ತಿರುವಿನಲ್ಲಿ ಅದರ ಅರ್ಧ, ಅಂದರೆ 12 ಟನ್ನಿನಷ್ಟು ಪಕ್ಕಕ್ಕೆ ತಳ್ಳಬಹುದು ಅಂತ ಲೆಕ್ಕ ಹಾಕುತ್ತಾರೆ. ಬದಿ 9.6 ಟನ್ ತಡೆಯಿತು. ಉಳಿದ 2.4 ಟನ್? ಅದನ್ನು ನೆಲದ ಘರ್ಷಣೆಯೇ ತಡೆಯಬೇಕು. ನೆಲದ ಮೇಲೆ ಎಣ್ಣೆಯೋ ನೀರೋ ಮರಳೋ ಇದ್ದರೆ ಏನಾಗುತ್ತದೆ ಯೋಚಿಸಿ. ಅದಕ್ಕೇ ನಾನು ಜಾರದ ರಬ್ಬರ್ ಮ್ಯಾಟ್‌ಗೂ ಕಸಪೊರಕೆಗೂ ಇಷ್ಟು ಒತ್ತಿ ಹೇಳುವುದು.

ಇನ್ನೊಂದು ಮಾತು. ಎಕ್ಸ್‌ಎಲ್ ಸರ್ಟಿಫಿಕೇಟ್ ಇದ್ದರೆ ಸಾಲದು, ಅದರಲ್ಲಿ ಬರೆದ ಷರತ್ತುಗಳನ್ನೂ ಓದಿ. ಬದಿಯಲ್ಲಿ ಕಂಬಗಳ ನಡುವೆ ಎಷ್ಟು ಅಡ್ಡಪಟ್ಟಿ ಇರಬೇಕು, ಸರಕು ಬದಿಗೆ ಎಷ್ಟು ಹತ್ತಿರ ಇರಬೇಕು ಅಂತ ಅದರಲ್ಲೇ ಇರುತ್ತದೆ. ಎರಡು ಪಟ್ಟಿ ಕಳೆದುಹೋದ ಟ್ರೈಲರ್ ಹೆಸರಿಗಷ್ಟೇ ಎಕ್ಸ್‌ಎಲ್. ಯಂತ್ರ, ಸ್ಟೀಲ್ ಕಾಯಿಲ್ ಥರ ಒಂದೇ ಜಾಗದಲ್ಲಿ ಭಾರ ಕೂರುವ ಸರಕನ್ನಂತೂ ಯಾವ ದರ್ಜೆಯಾದರೂ ಕಟ್ಟಲೇಬೇಕು. ಹಾಗಾಗಿ ನೆಲದ ಅಂಚಿನ ಕೊಂಡಿಗಳನ್ನೂ ನೋಡಿ. ಭಾರಿ ಗಾಡಿಗಳಲ್ಲಿ ಒಂದೊಂದು ಕೊಂಡಿ ಕನಿಷ್ಠ 2 ಟನ್ ಎಳೆತ ತಡೆಯುವಂತಿರಬೇಕು.

ಅಳತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 13.6 ಮೀಟರ್ ಟ್ರೈಲರ್‌ನಲ್ಲಿ 800×1200 ಮಿ.ಮೀ. ಪ್ಯಾಲೆಟ್ 33 ಹಿಡಿಯುತ್ತವೆ, 1000×1200 ಆದರೆ 26. ಆದರೆ ಎತ್ತರದಲ್ಲಿ ಹುಷಾರು. ಕ್ಯಾಟಲಾಗ್‌ನಲ್ಲಿ ಕೊಡುವ ಒಳಗಿನ ಎತ್ತರ ಬೇರೆ, ಬದಿಯಲ್ಲಿ ತೆರೆದುಕೊಳ್ಳುವ ಜಾಗದ ಎತ್ತರ ಬೇರೆ. ಪರದೆ ಓಡಾಡುವ ಮೇಲಿನ ರೈಲ್ ಒಂದಷ್ಟು ಜಾಗ ತಿನ್ನುತ್ತದೆ. ಫೋರ್ಕ್‌ಲಿಫ್ಟ್ ಪ್ಯಾಲೆಟ್ಟನ್ನು ನೆಲದಿಂದ ಸ್ವಲ್ಪ ಎತ್ತಿಕೊಂಡೇ ಒಳಗೆ ತರಬೇಕಲ್ವಾ, ಅಷ್ಟು ಜಾಗ ಉಳಿದಿದೆಯೇ ಅಂತ ನಿಮ್ಮ ಅತಿ ಎತ್ತರದ ಸರಕು ಇಟ್ಟುಕೊಂಡು ಅಳೆಯಿರಿ. ಕ್ರೇನಿನಿಂದ ಮೇಲಿಂದ ಇಳಿಸುವ ಕೆಲಸ ಇದ್ದರೆ ಮಾತ್ರ ಸರಿಸಿ ತೆರೆಯುವ ರೂಫ್ ತಗೊಳ್ಳಿ. ಇಲ್ಲದಿದ್ದರೆ ಸುಮ್ನೆ ಸೋರುವ ಜಾಗ ಒಂದು ಹೆಚ್ಚಾಗುತ್ತದೆ.

ದಿನನಿತ್ಯ ಕೈಕೊಡುವುದು ಸಣ್ಣ ಭಾಗಗಳು: ರೋಲರ್, ಬಕಲ್, ಬೆಲ್ಟ್, ಪರದೆ ಬಿಗಿಯುವ ರ‍್ಯಾಚೆಟ್. ಒಂದು ರೋಲರ್ ಸಿಕ್ಕಿಹಾಕಿಕೊಂಡರೆ ಡ್ರೈವರ್ ಪರದೆಯನ್ನು ಜಗ್ಗುತ್ತಾನೆ, ಹೊಲಿಗೆ ಕಿತ್ತುಬರುತ್ತದೆ. ಆದ್ದರಿಂದ ಖರೀದಿಗೆ ಮುಂಚೆ ಡ್ರೈವರ್‌ಗಳನ್ನೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಪರದೆ ತೆರೆಸಿ, ಮುಚ್ಚಿಸಿ, ಮಧ್ಯದ ಕಂಬ ಸರಿಸಿ ನೋಡಲು ಹೇಳಿ. ಷೋರೂಮಿನ ಹೊಸ ಗಾಡಿಗಿಂತ, ಎರಡು ಮೂರು ವರ್ಷ ಓಡಿ ಧೂಳು ತುಂಬಿದ ಅದೇ ಮಾಡೆಲ್ ಸಿಕ್ಕರೆ ಇನ್ನೂ ಒಳ್ಳೆಯದು. ಇಡೀ ಫ್ಲೀಟ್‌ಗೆ ಒಂದೇ ಥರದ ಬಕಲ್, ರೋಲರ್ ಇದ್ದರೆ ವರ್ಕ್‌ಶಾಪಿನವರು ನಿಮ್ಮನ್ನು ಹರಸುತ್ತಾರೆ. ಪರದೆಯ ಸಣ್ಣ ತೂತಿಗೆ ಬಿಸಿಗಾಳಿಯಲ್ಲಿ ತೇಪೆ ಅಂಟಿಸಬಹುದು, ಅದನ್ನು ತಡ ಮಾಡಬೇಡಿ.

ಕಳ್ಳರು ಚಾಕುವಿನಿಂದ ಪರದೆ ಸೀಳುತ್ತಾರೆ. ಒಳಗೆ ತಂತಿ ಬಲೆ ಇರುವ ಪರದೆ ಸಿಗುತ್ತದೆ, ಆದರೆ ತೂಕವೂ ಬೆಲೆಯೂ ಹೆಚ್ಚು. ಎಲೆಕ್ಟ್ರಾನಿಕ್ಸ್, ಸಿಗರೇಟಿನಂಥ ಸರಕಿಗೆ ಅದಕ್ಕಿಂತ ಬಾಕ್ಸ್ ಟ್ರೈಲರ್ ಕಳಿಸುವುದೇ ಸರಿ ಅನ್ನುತ್ತೇನೆ.

ಸೆಕೆಂಡ್ ಹ್ಯಾಂಡ್ ನೋಡುವವರು ಪರದೆಯ ಬಣ್ಣಕ್ಕೆ ಮರುಳಾಗಬೇಡಿ. ಪರದೆ ಬದಲಾಯಿಸಬಹುದು. ಕಂಬ ಬಾಗಿದೆಯೇ, ಮೇಲಿನ ರೈಲ್ ನೇರವಾಗಿದೆಯೇ, ನೆಲದ ಪ್ಲೈವುಡ್ ಕೆಳಗಿಂದ ಕೊಳೆತಿದೆಯೇ, ಸರ್ಟಿಫಿಕೇಟಿನಲ್ಲಿ ಹೇಳಿದಷ್ಟು ಪಟ್ಟಿಗಳು ಜೊತೆಗೆ ಬರುತ್ತವೆಯೇ, ಇಷ್ಟನ್ನು ಟಾರ್ಚ್ ಹಿಡಿದು ಟ್ರೈಲರ್ ಅಡಿಗೆ ನುಸುಳಿ ನೋಡಿದ ಮೇಲೆಯೇ ರೇಟ್ ಮಾತಾಡಿ.